ಕಡಲಿನ ಪಾಲು

"ಏ ಗಾಳೀ, ಅಲ್ಲೇ ನಿಂತು ಬಾಯಿ ಬಿಟ್ಕೊಂಡು ನೋಡ್ಬೇಡ! ಪಕ್ಕದ ಜಾಗ ಹಿಡಿದಿಟ್ಟಿರ್ತೀನಿ, ಬೇಗ ಬಾ!"

ಬಲೆಯಕ್ಕ ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಕೂಗುತ್ತಿದ್ದಳು. ಕೂತದ್ದು ಹೊಸ್ತಿಲ ಮೇಲೆ ನಿಜ, ಆದರೆ ಹೊಸ್ತಿಲು ಇದ್ದದ್ದು ದೋಣಿಯ ಮೇಲೆ. ಎರಡು ದೋಣಿಗಳನ್ನು ಪಕ್ಕಪಕ್ಕ ಬಿಗಿದು, ಅಡ್ಡಕ್ಕೆ ತೊಲೆ ಹಾಸಿ, ಅದರ ಮೇಲೆ ಅವಳ ಇಡೀ ಮನೆಯನ್ನು ಬಿಚ್ಚಿ ಪೇರಿಸಿದ್ದರು. ಹೆಂಚಿನ ರಾಶಿಯ ಮೇಲೆ ಕೋಳಿಬುಟ್ಟಿ, ಕೋಳಿಬುಟ್ಟಿಯ ಮೇಲೆ ಒಂದು ಮಡಿಸಿದ ಬಲೆ. ಮನೆಯೊಳಗೆ ಕೂತು ಹೋಗುವವಳ ಗತ್ತಿನಲ್ಲಿ ಬಲೆಯಕ್ಕ ಕಾಲು ಚಾಚಿಕೊಂಡಿದ್ದಳು.

ಗಾಳಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಆ ಅಡ್ಡಹೆಸರು ಯಾರು ಇಟ್ಟರೋ ಏನೋ, ಇಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಒಲೆಯ ಮೇಲೆ ನೀರಿಟ್ಟು ಬಾವಿಗೆ ಹೋಗುವಳು, ಬಾವಿಯಿಂದ ಯಾರದೋ ಜಗಲಿಗೆ ಹೋಗುವಳು, ಅಲ್ಲಿ ಮಾತನ್ನು ಅರ್ಧಕ್ಕೇ ಬಿಟ್ಟು "ಅಯ್ಯೋ, ನನ್ನ ನೀರು!" ಎಂದು ಓಡಿ ಬರುವಳು. ಇನ್ನು ಮೇಲೆ ಓಡಿ ಹೋಗಲು ಜಗಲಿಯೇ ಇರಲಿಲ್ಲ. ಬಲೆಯಕ್ಕನದೇ ಕೊನೆಯದು.

"ಮುಂದಿನ ಸಲ ನಮ್ಮದೇ!" ಎಂದು ದೋಣಿಯ ಹಿಂಬದಿಯಿಂದ ಮೇಸ್ತ್ರಿ ಕೂಗಿದ. ಮೇಸ್ತ್ರಿ ಎಂದರೆ ಗಾಳಿಯ ಗಂಡ. ಪ್ರತಿ ಮನೆ ಸಾಗಿಸುವಾಗಲೂ ಅವನು ಇದನ್ನೇ ಕೂಗುತ್ತಿದ್ದ. ಮೊದಮೊದಲು ಗಾಳಿ ಅದನ್ನು ನಂಬಿ ಪಾತ್ರೆಪಗಡಿ ಗಂಟು ಕಟ್ಟುತ್ತಿದ್ದಳು, ನಾಲ್ಕು ದಿನ ಬಿಟ್ಟು ಬಿಚ್ಚುತ್ತಿದ್ದಳು.

ಆ ದ್ವೀಪಗಳ ಗುಂಪನ್ನು ನೋಡಿದರೆ ಒಂದು ಕೋಳಿ, ಅದರ ಹಿಂದೆ ಚೆದುರಿದ ಮರಿಗಳು ಅನ್ನಿಸುತ್ತದೆ. ಕೋಳಿ ಎಂದರೆ ದೊಡ್ಡ ದ್ವೀಪ. ಅದು ದಡಕ್ಕೆ ಹತ್ತಿರ. ಲಾಂಚ್ ನಿಲ್ಲುವ ಜೆಟ್ಟಿ ಇರುವುದೂ ಅಲ್ಲೇ. ಮರಿಗಳು ಆಚೆ, ತೆರೆದ ಕಡಲಿನ ಕಡೆಗೆ. ಒಂದು ಕಾಲಕ್ಕೆ ಮರಿಗಳದೇ ದರ್ಬಾರು. ಒಂದರ ಮೇಲೆ ಮೀನು ಒಣಗಿಸುತ್ತಿದ್ದರು, ಇನ್ನೊಂದರಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಮತ್ತೊಂದರಲ್ಲಿ ಮೇಕೆ ಬಿಡುತ್ತಿದ್ದರು. ಗಾಳಿಯ ದ್ವೀಪದಲ್ಲಿ ಸಿಹಿನೀರಿನ ಬಾವಿ ಇತ್ತು, ಹಾಗಾಗಿ ಎಲ್ಲ ಕಸುಬಿನವರ ಮನೆಗಳೂ ಅಲ್ಲೇ ಒತ್ತಾಗಿದ್ದವು. ಆಮೇಲೆ ದೊಡ್ಡ ದ್ವೀಪಕ್ಕೆ ಐಸ್ ಪ್ಲಾಂಟ್ ಬಂತು. ಐಸ್ ಬಂದ ಮೇಲೆ ಮೀನು ಒಣಗಿಸಿಕೊಂಡು ಕೂರುವವರು ಯಾರು? ಹಿಡಿದ ಮೀನು ಹಿಡಿದ ಹಾಗೇ ಪೆಟ್ಟಿಗೆ ಸೇರಿ ಲಾಂಚ್ ಹತ್ತಿತು. ಮೀನಿನ ಹಿಂದೆ ಗಂಡಸರು ಹೋದರು, ಗಂಡಸರ ಹಿಂದೆ ಹೆಂಗಸರು ಹೋದರು, ಅವರ ಹಿಂದೆ ಮನೆಗಳು ಹೋದವು. ಉಳಿದದ್ದನ್ನು ಕಡಲು ನೋಡಿಕೊಂಡಿತು. ಪಡುವಣ ದಂಡೆಯನ್ನು ವರ್ಷ ವರ್ಷ ಕಚ್ಚಿ ಕಚ್ಚಿ ತಿಂದು ಬಾವಿಯ ಹತ್ತಿರ ಬಂತು. ಈಗ ಆ ನೀರು ಕುಡಿದರೆ ಇನ್ನಷ್ಟು ಬಾಯಾರಿಕೆ.

ಮನೆಗಳು ಹೋದವು ಎಂದರೆ ಬರೀ ಮಾತಿಗೆ ಹೇಳಿದ್ದಲ್ಲ. ದ್ವೀಪಗಳಲ್ಲಿ ತೊಲೆ ಕೊಡುವಂಥ ಮರ ಬೆಳೆಯುವುದಿಲ್ಲ, ಮರಮುಟ್ಟೆಲ್ಲ ದಡದಿಂದ ಬರಬೇಕು. ಅದಕ್ಕೇ ಅಲ್ಲಿಯವರು ಮನೆ ಬಿಟ್ಟು ಹೋಗುವುದಿಲ್ಲ, ಮನೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಮನೆಗೆ ಮೊಳೆಯಿಲ್ಲ. ಕಂಬದಲ್ಲಿ ಸೀಳು ಕೊರೆದು, ಹಲಗೆಯ ತುದಿಯನ್ನು ನಾಲಿಗೆಯ ಹಾಗೆ ತೆಳುವಾಗಿಸಿ, ಸೀಳಿನೊಳಗೆ ಇಳಿಸಿ ಮರದ ಗೂಟ ಬಡಿದಿರುತ್ತಾರೆ. ಗೂಟ ತೆಗೆದರೆ ಗೋಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಮೇಸ್ತ್ರಿ ಒಂದೊಂದು ಹಲಗೆಯ ನಾಲಿಗೆಯ ಮೇಲೂ ಉಳಿಯಿಂದ ಆ ಮನೆಯ ಗುರುತು ಕೆತ್ತುತ್ತಿದ್ದ, ದೊಡ್ಡ ದ್ವೀಪದಲ್ಲಿ ಬೆರೆತುಹೋಗದಿರಲಿ ಎಂದು. ಯಾವ ಗುರುತು ಎನ್ನುವುದನ್ನು ಮನೆಯಾಕೆಯೇ ಹೇಳಬೇಕು. ಒಣಮೀನಿನಜ್ಜಿ ಮೀನಿನ ಬಾಲ ಬೇಕೆಂದಿದ್ದಳು. ಸುಣ್ಣದವನ ಹೆಂಡತಿ ಚಿಪ್ಪು ಕೇಳಿದ್ದಳು. ಬಲೆಯಕ್ಕ ಒಂದು ಗಂಟು. ಗಾಳಿಯೂ ತನಗೊಂದು ಗುರುತನ್ನು ಎಂದೋ ಆರಿಸಿ ಇಟ್ಟುಕೊಂಡಿದ್ದಳು, ಒಂದು ಸುಳಿ, ಕೇಳುವವರೇ ಇರಲಿಲ್ಲ.

ಆಚೆ ಜೆಟ್ಟಿಯಲ್ಲಿ ಮೊದಲೇ ಹೋದವರೆಲ್ಲ ಬಂದು ಸಾಲಾಗಿ ನಿಲ್ಲುತ್ತಾರೆ. ಮನೆ ಕೈಯಿಂದ ಕೈಗೆ ದಾಟುತ್ತದೆ. ಇಷ್ಟೆಲ್ಲ ಗುರುತು ಹಾಕಿ ಇಷ್ಟು ಕೈ ಸೇರಿದರೂ ಕೊನೆಗೆ ಏನಾದರೊಂದು ಕಡಿಮೆ ಬೀಳುತ್ತಿತ್ತು. ಒಂದು ಹಲಗೆಯೋ ಒಂದು ಕಿಟಕಿಯ ಕದವೋ ಎಲ್ಲೋ ಅಲೆಗೆ ಜಾರಿರುತ್ತಿತ್ತು. "ಕಡಲಿನ ಪಾಲು ಬಿಡಿ" ಎಂದು ಎಲ್ಲರೂ ನಗುತ್ತಿದ್ದರು. ಇಡೀ ಮನೆಯನ್ನು ದಾಟಿಸಿಕೊಟ್ಟ ಕಡಲಿಗೆ ಒಂದು ಹಲಗೆಯನ್ನೂ ಬಿಡದಿದ್ದರೆ ಹೇಗೆ?

ಜೋಡಿದೋಣಿ ಬಂಡೆಯ ತಿರುವಿನಲ್ಲಿ ಮರೆಯಾದ ಮೇಲೆ ಗಾಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮನೆ ಎತ್ತಿದ ಮೇಲೆ ಉಳಿದ ಕಲ್ಲುಕಟ್ಟೆಗಳ ನಡುವೆ ಸುತ್ತಿದಳು. ಪ್ರತಿ ಕಟ್ಟೆಯ ಮೂಲೆಯಲ್ಲೂ ಒಲೆಯಿದ್ದ ಜಾಗ ಕಪ್ಪಗಿತ್ತು. ಬಲೆಯಕ್ಕನ ಕಟ್ಟೆಯ ಮೇಲೆ ಒಂದು ಬಾಚಣಿಗೆ ಬಿದ್ದಿತ್ತು. ಎತ್ತಿಕೊಂಡಳು, ಮತ್ತೆ ಅಲ್ಲೇ ಇಟ್ಟಳು, ಮತ್ತೆ ಹೋಗಿ ತಂದಳು. ಆಮೇಲೆ ಫೋನಿಗೆ ಸಿಗ್ನಲ್ ಸಿಗುವ ಎತ್ತರದ ಬಂಡೆ ಹತ್ತಿ ಮಗಳಿಗೆ ಫೋನ್ ಮಾಡಿದಳು. ಮಗಳು ದೊಡ್ಡ ದ್ವೀಪದಲ್ಲಿ ಐಸ್ ಪ್ಲಾಂಟಿನ ಪಕ್ಕದ ಶೆಡ್ಡಿನಲ್ಲಿ ಮೀನು ಪ್ಯಾಕ್ ಮಾಡುವ ಕೆಲಸಕ್ಕಿದ್ದಳು.

"ಅಮ್ಮಾ, ಈ ಸಲ ಬರೀ ಬೆದರಿಕೆಯಲ್ಲ," ಎಂದಳು ಮಗಳು. ಹಿಂದೆ ಐಸ್ ಒಡೆಯುವ ಸದ್ದು. "ಮಳೆ ಶುರುವಾಗೋದ್ರೊಳಗೆ ಕಂಬ ನಿಲ್ಲಿಸದಿದ್ರೆ ಮೀನುಗಾರರ ಸೊಸೈಟಿಯವರು ನಮಗಿಟ್ಟ ಜಾಗ ಬೇರೆಯವರಿಗೆ ಕೊಡ್ತಾರಂತೆ. ಅಪ್ಪಂಗೆ ಹೇಳು."

"ನಿಮ್ಮಪ್ಪಂಗೆ ಹೇಳೋದೂ ಒಂದೇ, ಈ ಬಂಡೆಗೆ ಹೇಳೋದೂ ಒಂದೇ."

"ಬಂಡೆಗೇ ಹೇಳು ಹಾಗಾದ್ರೆ, ಅದಾದ್ರೂ ಅಲ್ಲಾಡುತ್ತೇನೋ."

ಸಂಜೆ ಮೇಸ್ತ್ರಿ ಖಾಲಿ ದೋಣಿಯಲ್ಲಿ ಹಿಂತಿರುಗಿ ಕೈಕಾಲು ತೊಳೆಯುವ ಮೊದಲೇ ಗಾಳಿ ಶುರು ಮಾಡಿದಳು.

"ಬಲೆಯಕ್ಕನದು ಎಲ್ಲ ಸರಿಯಾಗಿ ಸೇರಿತಾ?"

"ಸೇರಿತು."

"ಕಡಲಿನ ಪಾಲು ಏನು ಹೋಯ್ತು?"

"ಈ ಸಲ ಏನೂ ಹೋಗ್ಲಿಲ್ಲ," ಎಂದ ಮೇಸ್ತ್ರಿ, ಕಾಲಿನ ಮರಳನ್ನೇ ನೋಡುತ್ತ.

"ಅಬ್ಬ! ಕಡಲಿಗೂ ಹೊಟ್ಟೆ ತುಂಬಿತು ಅನ್ನಿ. ಸರಿ, ನಾಳೆ ನಮ್ಮ ಹೆಂಚಿಳಿಸೋಣ."

"ನಾಳೆ ಬಲೆಯಕ್ಕನ ಮನೆ ನಿಲ್ಲಿಸ್ಬೇಕಲ್ಲ."

"ನಾಡಿದ್ದು?"

"ಗಾಳಿ ಹೇಗಿರುತ್ತೋ ನೋಡ್ಬೇಕು."

"ಮದುವೆಯಾದಾಗಿನಿಂದ ನೋಡ್ತಾನೇ ಇದೀರಲ್ಲ, ಎದುರಿಗೇ ನಿಂತಿದೀನಿ! ನಾಳೆ ಅಂದವನ ಮನೆ ಹಾಳು ಅಂತ ಕೇಳಿಲ್ವಾ?"

ಬೇರೆ ದಿನವಾಗಿದ್ದರೆ ಮೇಸ್ತ್ರಿ ನಗುತ್ತಿದ್ದ. ಇವತ್ತು ಜಗಲಿಯ ಮೇಲೆ ಕೂತು, ಹಿಂದಿದ್ದ ಗೋಡೆಯನ್ನು ಅಂಗೈಯಲ್ಲಿ ಒಮ್ಮೆ ಸವರಿ, "ಒಂದು ಮಾತು ಹೇಳ್ತೀನಿ, ಕೂಗಾಡ್ಬೇಡ. ಮನೆ ಇಲ್ಲೇ ಇರ್ಲಿ. ಅಲ್ಲಿ ಒಂದು ತಗಡಿನ ಶೆಡ್ ಹಾಕ್ಕೊಳ್ಳೋಣ" ಎಂದ.

ಗಾಳಿ ಕೂಗಾಡಲಿಲ್ಲ. ಕೂಗಾಡಲು ಉಸಿರು ಬೇಕಲ್ಲ. ಕಂಡವರ ಮನೆಗಳನ್ನೆಲ್ಲ ಹೂವಿನ ಹಾಗೆ ಎತ್ತಿ ದೊಡ್ಡ ದ್ವೀಪದಲ್ಲಿ ಇಳಿಸಿ ಬಂದ ಮನುಷ್ಯ ತನ್ನ ಮನೆಯನ್ನು ಉಪ್ಪುಗಾಳಿಗೆ ಬಿಟ್ಟು ತಗಡಿನ ಕೆಳಗೆ ಮಲಗೋಣ ಎನ್ನುತ್ತಿದ್ದಾನೆ! "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗಿ ಅವಳು ಒಳಗೆ ಹೋದಳು.

ಆ ಮನೆಯ ಮೇಲೆ ಅವಳಿಗೆ ಜೀವ. ಮದುವೆಯಾಗಿ ಬಂದಾಗ ಅದು ಮನೆಯಾಗಿರಲಿಲ್ಲ. ನಾಲ್ಕು ಕಂಬ, ಒಂದು ಒಳ್ಳೆಯ ಬಾಗಿಲುವಾಡ, ಸುತ್ತ ತೆಂಗಿನ ಗರಿಯ ತಟ್ಟಿ. ಎಲ್ಲರ ಮನೆಗೂ ಮರದ ಗೋಡೆ, ಬಡಗಿಯ ಮನೆಗೆ ಮಾತ್ರ ತಟ್ಟಿ ಎಂದು ಅವಳು ಗಂಡನ ತಲೆ ತಿಂದಿದ್ದಳು. ಆಮೇಲೆ ಒಂದು ದಿನ ಮೇಸ್ತ್ರಿ ಒದ್ದೆ ಹಲಗೆಯೊಂದನ್ನು ಹೊತ್ತು ತಂದ. "ಎಲ್ಲಿಂದ?" ಎಂದರೆ "ಕಡಲು ಕೊಟ್ಟಿತು" ಎಂದ. ಕಡಲು ಆಗಾಗ ಮರ ತಂದು ಹಾಕುವುದು ಹೊಸದೇನಲ್ಲ. ಹಾಗೆ ಕೊಡುತ್ತ ಕೊಡುತ್ತ ಮುಂದಿನ ಗೋಡೆಯಾಯಿತು, ಅಡುಗೆಮನೆಯ ಗೋಡೆಯಾಯಿತು, ಬಾಗಿಲಿಗೆ ಕದ ಬಂತು. ಹೊಸ ಹಲಗೆ ಬಂದಾಗಲೆಲ್ಲ ಗಾಳಿ ಸಂಭ್ರಮದಿಂದ ಅದಕ್ಕೆ ಮೀನೆಣ್ಣೆ ಬಳಿಯುತ್ತಿದ್ದಳು. ಬಳಿದೂ ಬಳಿದೂ ಎಲ್ಲ ಒಂದೇ ಕಪ್ಪಾಗಿ ಮಿರುಗುತ್ತಿದ್ದವು. ಒಣಮೀನಿನಜ್ಜಿಯಂತೂ ದೊಡ್ಡ ದ್ವೀಪಕ್ಕೆ ಹೋದ ಮೇಲೂ ಬೇಸಿಗೆಗೊಮ್ಮೆ ಬಂದು, ಅಡುಗೆಮನೆಯ ಗೋಡೆಗೆ ಒರಗಿ ಕಾಲು ಚಾಚಿ, "ಇಲ್ಲಿ ಕೂತ್ರೆ ನಮ್ಮನೇಲೇ ಕೂತ ಹಾಗಿರುತ್ತೆ ಕಣೇ" ಎನ್ನುತ್ತಿದ್ದಳು. ಮನೆಯಾಕೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಬೇಕು? ಅಜ್ಜಿ ಹೋದ ಮೇಲೆ ಗಾಳಿ ಎರಡು ದಿನ ಉಬ್ಬಿಕೊಂಡೇ ಓಡಾಡುವಳು.

ಬೆಳಿಗ್ಗೆ ಮೇಸ್ತ್ರಿಯ ದೋಣಿ ಬಂಡೆ ದಾಟಿದ್ದೇ ತಡ, ಗಾಳಿ ಸೀರೆಯನ್ನು ಸೊಂಟಕ್ಕೆ ಕಟ್ಟಿ ಏಣಿ ಹಾಕಿದಳು.

ಇಷ್ಟು ವರ್ಷ ಗಂಡನ ಕೆಲಸ ನೋಡಿದವಳಿಗೆ ಕ್ರಮ ಹೇಳಿಕೊಡಬೇಕಾಗಿರಲಿಲ್ಲ. ಹೆಂಚು ಮೊದಲು, ಬಾಗಿಲುವಾಡ ಕೊನೆಗೆ. ಹೊಸ ಜಾಗದಲ್ಲಿ ಬಾಗಿಲುವಾಡ ಮೊದಲು. ಮೇಲಿನ ಸಾಲಿನಿಂದ ಹೆಂಚು ಎತ್ತಿ ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಸಿದಳು. ಏಣಿ ಇಳಿದು ಬುಟ್ಟಿ ಖಾಲಿ ಮಾಡಿ ಮತ್ತೆ ಹತ್ತಿದಳು. ಎಷ್ಟೋ ದಿನಗಳ ಮೇಲೆ ಅವಳ ಕಾಲಿಗೆ ತಕ್ಕ ಕೆಲಸ ಸಿಕ್ಕಿತ್ತು. ಒಡೆದದ್ದನ್ನು ಬೈದು ಬಿಸಾಡಿದಳು, ಉಳಿದದ್ದನ್ನು ಪೇರಿಸಿದಳು. ಬಿಸಿಲು ಮೊದಲ ಸಲ ಅವಳ ಅಡುಗೆಮನೆಯೊಳಗೆ ಇಳಿದು ಒಲೆಯ ಮೇಲೆ ಕೂತಿತು. ಗಂಡ ಬಂದು ನೋಡಲಿ, ಸೂರಿಲ್ಲದ ಮನೆಯಲ್ಲಿ ಅದು ಹೇಗೆ ನಾಳೆ ಅನ್ನುತ್ತಾನೋ ನೋಡೋಣ ಎಂದು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಆಮೇಲೆ ಅಡುಗೆಮನೆಯ ಗೋಡೆಗೆ ಕೈ ಹಾಕಿದಳು. ಗೂಟ ಬಡಿದು ತೆಗೆದು, ಹಲಗೆಯನ್ನು ಮೇಲಕ್ಕೆ ಜಗ್ಗಿದರೆ ನಾಲಿಗೆ ಸೀಳಿನಿಂದ ಬೆಣ್ಣೆಯಲ್ಲಿ ಜಾರಿದ ಹಾಗೆ ಬಂತು. ಮೇಸ್ತ್ರಿಯ ಕೆಲಸವೆಂದರೆ ಹಾಗೆ. ನಾಲಿಗೆಯ ಮೇಲೆ ಗುರುತು ಕಂಡಿತು. ಅರೆ, ಯಾವಾಗ ಹಾಕಿದ? ನನ್ನನ್ನು ಕೇಳಲೇ ಇಲ್ಲವಲ್ಲ! ಸುಳಿ ಕೆತ್ತಿಸಬೇಕೆಂದು ಇಷ್ಟು ವರ್ಷ ಕಾದಿದ್ದರೆ ಈ ಮನುಷ್ಯ ಯಾವುದೋ ಮೀನಿನ ಬಾಲ ಕೆತ್ತಿದ್ದಾನೆ ಎಂದು ಅವಳಿಗೆ ಸಿಟ್ಟೇ ಬಂತು. ಮುಂದಿನದನ್ನು ತೆಗೆದಳು. ಅದರ ಮೇಲೆ ಅರ್ಧಚಂದ್ರ. ಅದರ ಮುಂದಿನದರ ಮೇಲೆ ಮೇಕೆಯ ಕೊಂಬು. ಬಾಗಿಲ ಕದವನ್ನು ಇಳಿಸಿ ತಿರುಗಿಸಿದರೆ, ಕೆಳಗಿನ ಅಂಚಿನಲ್ಲಿ ಚಿಪ್ಪು.

ಚಿಪ್ಪನ್ನು ನೋಡುತ್ತ ಅವಳು ಕೂತುಬಿಟ್ಟಳು. ಅಲ್ಲೇ, ಬಿಸಿಲಿನಲ್ಲೇ. ಸುಣ್ಣದವನ ಮನೆ ಸಾಗಿಸಿದ ದಿನ ಅವನ ಹಿತ್ತಲ ಬಾಗಿಲ ಕದ ಕಡಲಿಗೆ ಬಿತ್ತೆಂದು ಸುಣ್ಣದವನ ಹೆಂಡತಿ ಜೆಟ್ಟಿಯಲ್ಲೇ ಅತ್ತದ್ದು, ಅವತ್ತು ಜೊತೆಗೆ ಹೋಗಿದ್ದ ಗಾಳಿಯೇ ಪಕ್ಕದಲ್ಲಿ ನಿಂತು ಅವಳ ಬೆನ್ನು ಸವರಿ, "ಹೋಗ್ಲಿ ಬಿಡೇ, ಕಡಲಿನ ಪಾಲು" ಎಂದು ಸಮಾಧಾನ ಹೇಳಿದ್ದು ನೆನಪಾಯಿತು. ಬೆನ್ನು ಸವರಿದ ಆ ಕೈಯನ್ನು ಎಲ್ಲಿಡಬೇಕೋ ಈಗ ತಿಳಿಯಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮುಂದಿನ ಗೋಡೆಯನ್ನೂ ಬಿಚ್ಚಿದಳು. ಎಲ್ಲವನ್ನೂ ಕಲ್ಲುಕಟ್ಟೆಯ ಮೇಲೆ ಗುರುತು ಮೇಲೆ ಮಾಡಿ ಇಟ್ಟಳು. ಇಡೀ ಊರೇ ಅಲ್ಲಿ ಮಲಗಿತ್ತು. ತಮ್ಮದು ಎನ್ನಲು ಉಳಿದದ್ದು ಕಂಬಗಳು ಮತ್ತು ಬಾಗಿಲುವಾಡ ಅಷ್ಟೇ.

ಮೇಸ್ತ್ರಿಗೆ ದೋಣಿಯಿಂದಲೇ ಮನೆಯ ಮೂಲಕ ಆಕಾಶ ಕಂಡಿರಬೇಕು. ಹೊತ್ತು ಇಳಿಯುವಾಗ ಬಂದವನು ದೋಣಿ ಕಟ್ಟಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನನ್ನು ಯಾರೂ ಇನ್ನೂ ಏನೂ ಅಂದಿರಲಿಲ್ಲ, ಆಗಲೇ ಹೆಗಲ ಮೇಲಿನ ಟವೆಲ್ಲನ್ನು ಎರಡು ಸಲ ಸರಿಮಾಡಿಕೊಂಡ.

"ಯಾರು ಹೇಳಿದ್ರು ನಿಂಗೆ ಬಿಚ್ಚೋಕೆ?"

"ಕಡಲು ಹೇಳ್ತು," ಎಂದಳು ಗಾಳಿ.

ಮೇಸ್ತ್ರಿ ಕಟ್ಟೆಯ ಅಂಚಿನಲ್ಲಿ ಕೂತ. "ಬಂಡೆ ತಿರುವಲ್ಲಿ ದೋಣಿ ವಾಲುತ್ತೆ," ಎಂದ. "ಎಲ್ಲರೂ ಹಗ್ಗ ಹಿಡಿಯೋ ಗಲಾಟೇಲಿ ಇರ್ತಾರೆ. ಆಗ ಒಂದನ್ನ ಜಾರಿಸಿಬಿಡ್ತಿದ್ದೆ. ಆಮೇಲೆ ನೀರಿಳಿದಾಗ ಹೋದ್ರೆ ಬಂಡೆಗೆ ತಾಗಿ ನಿಂತಿರ್ತಿತ್ತು."

"ಹಾಗಾದ್ರೆ ಕಡಲು ಕೊಟ್ಟಿತು ಅಂದದ್ದು ಪೂರ್ತಿ ಸುಳ್ಳಲ್ಲ."

"ಒಂದು ಮನೆಯಿಂದ ಒಂದೇ. ಒಂದು ಹಲಗೆ ಹೋದ್ರೆ ಯಾರ ಮನೇನೂ ಬೀಳಲ್ಲ. ಗೋಡೆ ತುಂಬಿದ ಮೇಲೆ ಮುಟ್ಟಿಲ್ಲ. ಬಲೆಯಕ್ಕಂದು ಮುಟ್ಟಿಲ್ಲ." ಅವನು ತಲೆಯೆತ್ತಿದ. "ನೀನೇ ಕೇಳ್ತಿದ್ದೆಯಲ್ಲ. ತಟ್ಟಿ ಸಂದೀಲಿ ಚಳಿ ಬರುತ್ತೆ, ಎಲ್ಲರಿಗೂ ಮರ ನಮಗೆ ಮಾತ್ರ ಗರಿ ಅಂತ. ನನಗೆ ದಡದಿಂದ ಮರ ತರಿಸೋ ಶಕ್ತಿ ಎಲ್ಲಿತ್ತು?"

"ಕೇಳಿದ್ದು ಹೌದು. ಕದ್ದು ತನ್ನಿ ಅಂದಿದ್ನಾ?"

"ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಎರಡನೇ ಸಲ ಕೇಳಿದ್ಯಾ?"

ಗಾಳಿ ಕೇಳಿರಲಿಲ್ಲ. ಬರೀ ಎಣ್ಣೆ ಬಳಿದಿದ್ದಳು. ಎದ್ದು ಒಲೆಯವರೆಗೆ ಹೋದಳು, ಬಂದಳು, ಮತ್ತೆ ಹೋದಳು.

"ಗುರುತು ಯಾಕೆ ಹಾಗೇ ಬಿಟ್ರಿ? ಆಗಲೇ ಕೆತ್ತಿ ತೆಗೀಬಾರದಿತ್ತಾ?"

"ನಾಲಿಗೆ ಸವೆದ್ರೆ ಹಲಗೆ ಅಲ್ಲಾಡುತ್ತೆ."

ಎಂಥ ಮಾತು! ಹಲಗೆ ಕದಿಯಲು ನಾಚದ ಮನುಷ್ಯ ಸಂದು ಸಡಿಲವಾಗುವುದಕ್ಕೆ ನಾಚಿದ್ದ. ಬೇರೆ ಯಾವ ಕಳ್ಳನಾದರೂ ಹೀಗೆ ಸಿಕ್ಕಿಬೀಳುತ್ತಿದ್ದನೇ ಎಂದು ಗಾಳಿಗೆ ಅಳುವ ಹೊತ್ತಿನಲ್ಲಿ ನಗು ಬಂತು, ನಗುವಾಗ ಅಳು ಬಂತು. ಮೂಗು ಒರೆಸಿಕೊಂಡು ಅವಳು ಉಪಕರಣದ ಪೆಟ್ಟಿಗೆಯಿಂದ ಉಳಿ, ಸುತ್ತಿಗೆ ತಂದು ಅವನ ಮುಂದೆ ಇಟ್ಟಳು.

"ಈಗ ಕೆತ್ತಿ. ಅಲ್ಲಾಡಿದ್ರೆ ಅಲ್ಲಾಡ್ಲಿ. ಒಂದು ಗುರುತೂ ಉಳೀಬಾರ್ದು. ನಾನು ಇನ್ನೊಂದು ಮಳೆಗಾಲ ಇಲ್ಲಿ ಕಳೆಯಲ್ಲ. ಕೋಳಿ ಜೊತೆ ಎಷ್ಟೂಂತ ಮಾತಾಡ್ಲಿ? ನಂಗೆ ಮನುಷ್ಯರು ಬೇಕು."

ಮೇಸ್ತ್ರಿ ಕೈಗೆ ಹತ್ತಿರವಿದ್ದ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಮೀನಿನ ಬಾಲದ್ದು. ಉಳಿ ಇಟ್ಟು ಒಂದೇಟು ಹಾಕಿದ. ಬಾಲದ ಒಂದು ಮಗ್ಗುಲು ಚೂರಾಗಿ ಹಾರಿ ಗಾಳಿಯ ಪಾದದ ಹತ್ತಿರ ಬಿತ್ತು. ಆಗ ಅವಳ ಕಣ್ಣಿಗೆ ಹಲಗೆಯ ನಡು ಕಂಡಿತು. ಕೂತವರ ಬೆನ್ನು ತಾಗುವ ಎತ್ತರಕ್ಕೆ ಸರಿಯಾಗಿ, ಅವಳು ಬಳಿದ ಮೀನೆಣ್ಣೆಯೆಲ್ಲ ಸವೆದು, ಒಳಗಿನ ಮರ ಕೆಂಪಗೆ ನುಣುಪಾಗಿತ್ತು.

"ನಿಲ್ಸಿ," ಎಂದಳು.

"ಏನಾಯ್ತು?"

"ಅಜ್ಜಿಗೆ ಗೊತ್ತು."

"ಯಾವ ಅಜ್ಜಿಗೆ?"

"ಒಣಮೀನಿನಜ್ಜಿಗೆ. ಇಷ್ಟು ವರ್ಷ ಗೊತ್ತು ರೀ. ನಮ್ಮನೇಲೇ ಕೂತ ಹಾಗಿರುತ್ತೆ ಅಂತಿದ್ಳಲ್ಲ... ಯಾವಾಗ್ಲೂ ಇದಕ್ಕೇ ಒರಗ್ತಿದ್ಳು. ಬೇರೆ ಕಡೆ ಚಾಪೆ ಹಾಕಿದ್ರೂ ಎಳ್ಕೊಂಡು ಬಂದು ಇಲ್ಲೇ ಕೂರ್ತಿದ್ಳು."

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟ. "ಯಾರಿಗೂ ಹೇಳ್ಲಿಲ್ವಲ್ಲ," ಎಂದ ಸಣ್ಣ ದನಿಯಲ್ಲಿ.

"ಹೇಳಿದ್ರೆ ಒರಗೋಕೆ ಎಲ್ಲಿಗೆ ಬರ್ತಿದ್ಳು?"

ಅವಳು ಹಲಗೆಯನ್ನು ಅವನ ತೊಡೆಯಿಂದ ಎತ್ತಿ ಮೊದಲಿದ್ದಲ್ಲೇ ಇಟ್ಟಳು. "ಹೇಗಿದೆಯೋ ಹಾಗೇ ಹೋಗೋಣ."

"ಹುಚ್ಚೀ, ಜೆಟ್ಟೀಲಿ ಊರೇ ಸಾಲು ನಿಂತಿರುತ್ತೆ. ಒಂದೊಂದೂ ಅವರವರ ಕೈ ದಾಟ್ಬೇಕು!"

"ದಾಟ್ಲಿ. ಸೂರಂತೂ ಇಳಿಸಿಯಾಯ್ತು. ಇಲ್ಲಿದ್ರೂ ಬಯಲು, ಅಲ್ಲಿದ್ರೂ ಬಯಲು."

ಮೇಸ್ತ್ರಿ ಆ ರಾತ್ರಿ ಬಾಗಿಲುವಾಡದ ಪಕ್ಕ ಗೋಡೆಯಿಲ್ಲದ ಕಡೆ ಮುಖ ಮಾಡಿ ಮಲಗಿದ. ಮರುದಿನ, ಗಾಳಿ ಬಂಡೆ ಹತ್ತಿ ಫೋನ್ ಮಾಡಿದ ಮೇಲೆ, ಜೋಡಿದೋಣಿ ನಡೆಸುವ ಅಣ್ಣತಮ್ಮಂದಿರು ಬಂದರು. ಕಂಬ ಕಿತ್ತರು, ತೊಲೆ ಹೊತ್ತರು. ಹಲಗೆಗಳ ಮೇಲಿನ ಗುರುತು ಕಂಡು ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಕಡಲನ್ನು ನೋಡಿದ. ಗಾಳಿ ದೋಣಿಯ ಮುಂಭಾಗದಲ್ಲಿ ತನ್ನ ಹೊಸ್ತಿಲ ಮೇಲೆ ಕೂತಳು. ಹೀಗೆ ಕೂತು ಹೋಗಬೇಕೆಂದು ಎಷ್ಟು ಆಸೆಪಟ್ಟಿದ್ದಳು! ಈಗ ಕಾಲು ಚಾಚಲು ಮನಸ್ಸಾಗಲಿಲ್ಲ. ಬಂಡೆಯ ತಿರುವಿನಲ್ಲಿ ದೋಣಿ ವಾಲಿದಾಗ ಮೇಸ್ತ್ರಿ ಎರಡೂ ಕೈಯಿಂದ ಹಲಗೆಗಳ ರಾಶಿಯನ್ನು ತಬ್ಬಿ ಹಿಡಿದಿದ್ದ.

ಜೆಟ್ಟಿಯಲ್ಲಿ ಜನ ಆಗಲೇ ಸಾಲು ನಿಂತಿದ್ದರು. ಬಲೆಯಕ್ಕ ಎಲ್ಲರಿಗಿಂತ ಮುಂದೆ. ಮಗಳು ಕೆಲಸದ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು. "ಬಂದ್ಳಪ್ಪ ಗಾಳಿ! ಇನ್ನು ನಮ್ಮ ಸೂರು ಭದ್ರ ಮಾಡ್ಕೋಬೇಕು!" ಎಂದು ಯಾರೋ ಕೂಗಿದರು, ಎಲ್ಲ ನಕ್ಕರು. ಬಾಗಿಲುವಾಡ ದಾಟಿತು. ಕಂಬಗಳು ದಾಟಿದವು. ಆಮೇಲೆ ಬಾಗಿಲ ಕದ.

ಕದ ಮೂರನೆಯವರ ಕೈಗೆ ಹೋದಾಗ ನಿಂತಿತು. ಮೂರನೆಯವನೇ ಸುಣ್ಣದವನು. ಅವನು ಅದನ್ನು ತಿರುಗಿಸಿ ಕೆಳಗಿನ ಅಂಚು ನೋಡಿದ. ದೋಣಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಮೇಸ್ತ್ರಿಯನ್ನು ನೋಡಿದ. ಏನಾದರೂ ಅನ್ನುತ್ತಾನೆಂದು ಗಾಳಿ ಕಾದಳು, ಅಂದಿದ್ದರೆ ಚೆನ್ನಾಗಿತ್ತು. ಅವನು ಕದವನ್ನು ಹೆಗಲ ಮೇಲೆ ಇಟ್ಟುಕೊಂಡು ಸಾಲು ಬಿಟ್ಟು ತನ್ನ ಮನೆಯ ಕಡೆ ನಡೆದುಬಿಟ್ಟ. ನಗು ನಿಂತಿತು.

"ಅಮ್ಮಾ, ಏನಿದು?" ಎಂದಳು ಮಗಳು.

"ಸುಮ್ನೆ ಕೈ ಕೊಡು," ಎಂದಳು ಗಾಳಿ. ತಾನೇ ಮುಂದಿನ ಹಲಗೆ ಎತ್ತಿ, ಗುರುತು ಮೇಲೆ ಮಾಡಿ, ಸಾಲಿಗೆ ಕೊಟ್ಟಳು. ಅರ್ಧಚಂದ್ರದವಳು ಅದನ್ನು ನೋಡಿ ತುಟಿ ಬಿಗಿದು ಮುಂದಕ್ಕೆ ದಾಟಿಸಿದಳು, ಆದರೆ ಗಾಳಿಯ ಮುಖ ನೋಡಲಿಲ್ಲ. ಮೇಕೆಯವರು ತಮ್ಮದನ್ನು ಪಕ್ಕದ ಮರಳಿನ ಮೇಲೆ ಎತ್ತಿಟ್ಟರು. ಇನ್ನೊಬ್ಬ, "ನಂದೂ ಇದೆಯಾ? ಸುಮ್ನೆ ಕಡಲನ್ನ ಬೈಕೊಂಡಿದ್ದೆ" ಎಂದು ದಾಟಿಸಿದ. ಬಲೆಯಕ್ಕ ಮಾತ್ರ ಪ್ರತಿಯೊಂದನ್ನೂ ತಿರುವಿ ಗಂಟು ಹುಡುಕುತ್ತಿದ್ದಳು. ಸಿಗದಿದ್ದಾಗ ಅವಳ ಮುಖದಲ್ಲಿ ಬಂದದ್ದು ಸಮಾಧಾನವೋ ಬೇಸರವೋ ಹೇಳುವುದು ಕಷ್ಟವಾಗಿತ್ತು.

ಮೀನಿನ ಬಾಲ ಸಾಲಿನ ತುದಿಯಲ್ಲಿದ್ದ ಅಜ್ಜಿಯ ಕೈಗೆ ಬಂತು. ಹೊರುವುದಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದು ನಿಂತಿದ್ದಳು. ಹೆಬ್ಬೆರಳಿನಿಂದ ನಾಲಿಗೆಯನ್ನು ಸವರಿದಳು.

"ಬಾಲ ಯಾರು ಕತ್ತರಿಸಿದ್ದು?"

"ಅವರು ಕೆತ್ತಿದ್ದು, ಅಜ್ಜಿ. ಕೆತ್ತಿ ಅಂದಿದ್ದು ನಾನೇ," ಎಂದಳು ಗಾಳಿ.

"ಹೂಂ." ಅಜ್ಜಿ ಹಲಗೆಯನ್ನು ಕಂಕುಳಿಗೆ ಅವುಚಿಕೊಂಡಳು, ಮುಂದಿನವರಿಗೆ ಕೊಡಲಿಲ್ಲ. "ಅಡುಗೆಮನೆ ಯಾವ ಕಡೆ ಬರುತ್ತೆ?"

ಗಾಳಿ ಕೈ ತೋರಿಸಿದಳು. ಅಜ್ಜಿ ಆ ಕಡೆ ನಡೆದಳು. ಗಾಳಿ ದೋಣಿಯತ್ತ ತಿರುಗಿ, "ಇನ್ನೆಷ್ಟು ಹೊತ್ತು ಆ ಹಗ್ಗ ಹಿಡ್ಕೊಂಡು ನಿಂತಿರ್ತೀರಿ? ಬಾಗಿಲುವಾಡ ನಿಲ್ಸೋರು ಯಾರು?" ಎಂದು ಕೂಗಿದಳು. ಮೇಸ್ತ್ರಿ ಇಳಿದ. ಯಾರೂ ಅವನಿಗೆ ದಾರಿ ಬಿಡಲಿಲ್ಲ, ಯಾರೂ ಅಡ್ಡವೂ ನಿಲ್ಲಲಿಲ್ಲ.

ಮಳೆಗೆ ಮುಂಚೆ ಮನೆ ನಿಂತಿತು. ನಿಂತಿತು ಎಂದರೆ, ಸೂರಿತ್ತು, ಕಂಬಗಳಿದ್ದವು, ಗೋಡೆಯಲ್ಲಿ ಅಲ್ಲಲ್ಲಿ ಹಲ್ಲುದುರಿದ ಹಾಗೆ ಸಂದುಗಳಿದ್ದವು. ಬಾಗಿಲುವಾಡಕ್ಕೆ ಕದವಿರಲಿಲ್ಲ, ಗಾಳಿ ಹಳೆಯ ಸೀರೆ ಕಟ್ಟಿದ್ದಳು. ಒಂದು ಸಂದಿನಿಂದ ಬಲೆಯಕ್ಕ ಗಂಟು ಹಾಕುವ ಬೆರಳುಗಳು ಕಾಣುತ್ತಿದ್ದವು, ಇನ್ನೊಂದರಿಂದ ಐಸ್ ಪೆಟ್ಟಿಗೆ ಹೊತ್ತವರ ಕಾಲುಗಳು. ಸುಣ್ಣದವನ ಹೆಂಡತಿ ದಾರಿಯಲ್ಲಿ ಹೋಗುವಾಗ ಈ ಕಡೆ ನೋಡುತ್ತಿರಲಿಲ್ಲ. ಗಾಳಿ ಒಂದೆರಡು ಸಲ ಅವಳ ಜಗಲಿಯವರೆಗೆ ಹೋಗಿ ವಾಪಸ್ಸು ಬಂದಿದ್ದಳು.

ಆ ಸಂಜೆ ಅಜ್ಜಿ ಬಂದಳು. ಹೇಳದೆ ಕೇಳದೆ ಸೀರೆ ಸರಿಸಿ ಒಳಗೆ ಬಂದು, ಅಡುಗೆಮನೆಯ ಗೋಡೆಯ ಹತ್ತಿರ ಚಾಪೆ ಎಳೆದುಕೊಂಡು ಕೂತು, ಒರಗಿದಳು. ಹಲಗೆ ಟಕ್ ಎಂದಿತು. ಒಂದೇಟಿಗೆ ಸವೆದ ನಾಲಿಗೆ ಸೀಳಿನಲ್ಲಿ ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಮೇಸ್ತ್ರಿ ಆ ಸದ್ದಿಗೆ ಬೆನ್ನಿಗೆ ಚುಚ್ಚಿದ ಹಾಗೆ ಎದ್ದು, ಮರದ ಚಕ್ಕೆ ಹುಡುಕತೊಡಗಿದ.

"ಒಂದು ನಿಮಿಷ ಅಜ್ಜಿ, ಬೆಣೆ ಹಾಕ್ತೀನಿ."

"ಇರ್ಲಿ ಬಿಡು," ಎಂದಳು ಅಜ್ಜಿ ಕಣ್ಣು ಮುಚ್ಚಿಕೊಂಡೇ.

ಮೇಸ್ತ್ರಿ ಚಕ್ಕೆ ಹಿಡಿದು ಅಲ್ಲೇ ನಿಂತ. ಒಲೆಯ ಮೇಲಿನ ನೀರು ಕುದಿಯುತ್ತಿತ್ತು; ಗಾಳಿ ಅದನ್ನು ಇಳಿಸಿ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು, ಕೂತೇ ಇದ್ದಳು. ಅಜ್ಜಿ ಉಸಿರೆಳೆದಾಗ ಹಲಗೆ ಒಮ್ಮೆ ಟಕ್ ಎನ್ನುತ್ತಿತ್ತು, ಬಿಟ್ಟಾಗ ಇನ್ನೊಮ್ಮೆ.